ಮೂರು ಕೋಟಿ ಚುಕ್ಕಿ ಯಾರ ಕಣ್ಣಿಗೆ?

ಟಿವಿ ಅಂಗಡಿಗೆ ಹೋಗಿ, 55 ಇಂಚಿನ ಸೆಟ್ ಬೇಕು, ಆದರೆ 4ಕೆ ಬೇಡ, ಫುಲ್ ಎಚ್‌ಡಿ ಸಾಕು ಎಂದು ಕೇಳಿ ನೋಡಿ. ಮಾರುವ ಹುಡುಗ ನಿಮ್ಮ ಮುಖ ನೋಡಿ, ‘ಆ ಸೈಜಲ್ಲಿ ಈಗ ಅದು ಬರಲ್ಲ ಸಾರ್’ ಎನ್ನುತ್ತಾನೆ. ಅವನು ಹೇಳುವುದು ಬಹುಮಟ್ಟಿಗೆ ನಿಜ. 50, 55, 65 ಇಂಚುಗಳಲ್ಲಿ ಫುಲ್ ಎಚ್‌ಡಿ ಪರದೆಗಳು ಮಾರುಕಟ್ಟೆಯಿಂದ ಹೆಚ್ಚುಕಡಿಮೆ ಮಾಯವಾಗಿವೆ. 4ಕೆ ಟಿವಿ ಬೇಕೋ ಬೇಡವೋ ಎಂಬ ಪ್ರಶ್ನೆಗೆ ಕೊಳ್ಳುವವರನ್ನು ಕೇಳದೆಯೇ ತಯಾರಕರು ಉತ್ತರ ಬರೆದುಬಿಟ್ಟಿದ್ದಾರೆ. ಉಳಿದಿರುವ ಪ್ರಶ್ನೆಗಳು ಮೂರು. ಆ ಚುಕ್ಕಿಗಳೆಲ್ಲ ನಮ್ಮ ಕಣ್ಣಿಗೆ ಕಾಣುತ್ತವೆಯೇ? ಅವನ್ನು ತುಂಬುವಷ್ಟು ಒಳ್ಳೆಯ ಚಿತ್ರ ನಮ್ಮ ಮನೆಗೆ ಬರುತ್ತಿದೆಯೇ? ಇವೆರಡಕ್ಕೂ ಹೌದೆಂದಾದರೆ, 8ಕೆ ಎಂಬ ಮುಂದಿನ ಮೆಟ್ಟಿಲನ್ನೂ ಹತ್ತಬೇಕೆ?

ಲೆಕ್ಕ ಮೊದಲು ಮುಗಿಸಿಬಿಡೋಣ. ದಶಕಗಳ ಕಾಲ ನಾವು ನೋಡಿದ ದೂರದರ್ಶನದ ಚಿತ್ರ ಪಾಲ್ ಪದ್ಧತಿಯದು. ಅದರಲ್ಲಿ ಕಾಣುವ ಗೆರೆಗಳು 576. ಡಿಜಿಟಲ್ ರೂಪದಲ್ಲಿ ಹೇಳುವುದಾದರೆ ಅಗಲಕ್ಕೆ 720, ಎತ್ತರಕ್ಕೆ 576, ಒಟ್ಟು ಸುಮಾರು 4.15 ಲಕ್ಷ ಚುಕ್ಕಿ. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣ ಬಂತು, ಗೆರೆಗಳ ಸಂಖ್ಯೆ ಹಾಗೆಯೇ ಉಳಿಯಿತು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಜೊತೆಗೆ ದೂರದರ್ಶನ ಎಚ್‌ಡಿಗೆ ಕಾಲಿಟ್ಟಿತು. ಫುಲ್ ಎಚ್‌ಡಿ ಎಂದರೆ 1920 ಅಗಲ, 1080 ಎತ್ತರ, ಸುಮಾರು 20.7 ಲಕ್ಷ ಚುಕ್ಕಿ. 4ಕೆಯಲ್ಲಿ ಅಗಲವೂ ಎತ್ತರವೂ ಇಮ್ಮಡಿಯಾಗಿ 83 ಲಕ್ಷ. 8ಕೆಯಲ್ಲಿ ಮತ್ತೊಮ್ಮೆ ಇಮ್ಮಡಿ, 3.3 ಕೋಟಿ. ಪ್ರತಿ ಮೆಟ್ಟಿಲಿಗೂ ಚುಕ್ಕಿಗಳು ನಾಲ್ಕು ಪಟ್ಟು. ಜಾಹೀರಾತು ಈ ‘ನಾಲ್ಕು ಪಟ್ಟ’ನ್ನು ಸಾರಿ ಹೇಳುತ್ತದೆ. ಕೂತು ನೋಡುವವರ ಕಣ್ಣು ನಾಲ್ಕು ಪಟ್ಟು ಚುರುಕಾಗಿಲ್ಲ ಎಂಬುದನ್ನು ಮಾತ್ರ ಬಿಟ್ಟುಬಿಡುತ್ತದೆ.

ಕಣ್ಣಿನ ವೈದ್ಯರು 6/6 ಎನ್ನುವ ದೃಷ್ಟಿಗೆ ಒಂದು ಲೆಕ್ಕವಿದೆ. ಒಂದು ಡಿಗ್ರಿ ಕೋನವನ್ನು 60 ಭಾಗ ಮಾಡಿ, ಅದರಲ್ಲಿ ಒಂದು ಭಾಗದಷ್ಟು ಸಣ್ಣ ವಿವರವನ್ನು ಬೇರ್ಪಡಿಸಿ ನೋಡಬಲ್ಲ ಕಣ್ಣು ಅದು. ಟಿವಿಗೆ ಅನ್ವಯಿಸಿದರೆ, ಡಿಗ್ರಿಗೆ 60ಕ್ಕಿಂತ ಹೆಚ್ಚು ಚುಕ್ಕಿ ತುಂಬಿದ ಪರದೆಯಲ್ಲಿ ಹೆಚ್ಚುವರಿ ಚುಕ್ಕಿಗಳು ವ್ಯರ್ಥ. ಈ ಅಳತೆ ಹಿಡಿದರೆ 55 ಇಂಚಿನ ಫುಲ್ ಎಚ್‌ಡಿ ಪರದೆಯ ಚುಕ್ಕಿಗಳು ಸುಮಾರು 7 ಅಡಿ ಆಚೆಯಿಂದ ಒಂದರಲ್ಲೊಂದು ಬೆರೆತುಹೋಗುತ್ತವೆ. 9 ಅಡಿ ದೂರದಲ್ಲಿ ಕೂರುವವರಿಗೆ 69 ಇಂಚಿನವರೆಗೂ ಫುಲ್ ಎಚ್‌ಡಿಯೇ ಸಾಲಬೇಕು. 4ಕೆಯನ್ನು ಅಲ್ಲಗಳೆಯುವವರು ಹತ್ತು ವರ್ಷ ಕಾಲ ಇದೇ ಲೆಕ್ಕವನ್ನು ಮುಂದಿಟ್ಟುಕೊಂಡು ವಾದಿಸಿದರು.

9 ಅಡಿ ಎಂಬ ಸಂಖ್ಯೆಯನ್ನು ಸುಮ್ಮನೆ ಆರಿಸಿದ್ದಲ್ಲ. ಅಮೆರಿಕದ ಆರ್‌ಸಿಎ ಕಂಪನಿಯ ಎಂಜಿನಿಯರ್ ಬರ್ನಾರ್ಡ್ ಲೆಕ್ನರ್, ಅಲ್ಲಿನ ಮನೆಗಳಲ್ಲಿ ಜನ ಟಿವಿಯಿಂದ ಸಾಮಾನ್ಯವಾಗಿ ಸುಮಾರು 9 ಅಡಿ ದೂರ ಕೂರುತ್ತಾರೆಂದು ಕಂಡುಕೊಂಡಿದ್ದರು. ಇಂಗ್ಲೆಂಡಿನಲ್ಲಿ ಫಿಲಿಪ್ಸ್ ಸಂಸ್ಥೆಯ ರಿಚರ್ಡ್ ಜಾಕ್ಸನ್ ಕಂಡದ್ದು 3 ಮೀಟರ್. ನಮ್ಮ ಬೆಂಗಳೂರಿನ ಎರಡು ಕೋಣೆಯ ಫ್ಲ್ಯಾಟಿನ ಹಾಲ್ ಅಳೆದರೂ ಲೆಕ್ಕ ಇದರ ಆಸುಪಾಸಿನಲ್ಲೇ ಬರುತ್ತದೆ. ಒಂದು ಗೋಡೆಗೆ ಟಿವಿ, ಎದುರು ಗೋಡೆಗೆ ಸೋಫಾ ಅಥವಾ ದಿವಾನ, ನಡುವೆ 8ರಿಂದ 10 ಅಡಿ. ಊರಿನ ಮನೆಗಳ ಪಡಸಾಲೆಯಲ್ಲಿ ಇನ್ನೂ ಹೆಚ್ಚು. ಇದಕ್ಕೆ ನಮ್ಮ ತಾಯಂದಿರ ಪಾಲೂ ಇದೆ. ‘ಹತ್ತಿರ ಕೂತು ನೋಡಬೇಡ, ಕಣ್ಣು ಹಾಳಾಗುತ್ತೆ’ ಎಂಬ ಗದರಿಕೆ ಕೇಳದೆ ಬೆಳೆದ ಕನ್ನಡಿಗರು ಕಡಿಮೆ. ಹಳೆಯ ಡಬ್ಬಾ ಟಿವಿಗಳ ಕಾಲದ ಆ ಎಚ್ಚರಿಕೆ ಈಗಲೂ ನಮ್ಮನ್ನು ಹಿಂದಿನ ಗೋಡೆಗೇ ಅಂಟಿಸಿಟ್ಟಿದೆ. 4ಕೆಯ ಸೊಗಸು ಪೂರ್ತಿ ಬೇಕಾದವರು ಮುಂದೆ ಸರಿದು ಕೂರಬೇಕು.

ಆದರೆ 60ರ ಲೆಕ್ಕ ಕೊನೆಯ ಮಾತಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಮೆಟಾ ಕಂಪನಿಯವರ ಜೊತೆ ಸೇರಿ ನಡೆಸಿದ ಅಧ್ಯಯನವೊಂದು 2025ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರು ಕಣ್ಣಿನ ಚಾರ್ಟ್ ಬಿಟ್ಟು, ಹಿಂದೆ ಮುಂದೆ ಸರಿಸಬಹುದಾದ ಪರದೆಯ ಮೇಲೆ ಸಣ್ಣ ಗೆರೆಗಳ ವಿನ್ಯಾಸ ತೋರಿಸಿ ಪರೀಕ್ಷೆ ಮಾಡಿದರು. ಕಪ್ಪು–ಬಿಳುಪಿನ ವಿವರಗಳನ್ನು ಕಣ್ಣು ಡಿಗ್ರಿಗೆ 94 ಚುಕ್ಕಿಗಳವರೆಗೆ ಗುರುತಿಸುತ್ತದೆ ಎಂದು ಕಂಡುಬಂತು. ಕೆಂಪು–ಹಸಿರಿಗೆ 89. ಹಳದಿ–ನೇರಳೆಗೆ ಮಾತ್ರ 53. ಅಂದರೆ ಹಳೆಯ ಲೆಕ್ಕ ಕಣ್ಣಿನ ಶಕ್ತಿಯನ್ನು ಕಡಿಮೆ ಅಂದಾಜು ಮಾಡಿತ್ತು. ಹೊಸ ಅಳತೆಯಲ್ಲಿ ನಮ್ಮ 9 ಅಡಿಯ ಹಾಲಿಗೆ ಫುಲ್ ಎಚ್‌ಡಿ ಸಾಲುವುದು ಸುಮಾರು 44 ಇಂಚಿನವರೆಗೆ. ಅದಕ್ಕಿಂತ ದೊಡ್ಡ ಪರದೆಯಾದರೆ 4ಕೆಗೆ ಒಂದಿಷ್ಟು ಕೆಲಸವಿದೆ. ಆದರೆ ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತು: 44 ಇಂಚಿನ ಪರದೆಯನ್ನು ಎರಡೂವರೆ ಮೀಟರ್ ದೂರದಿಂದ ನೋಡುವವರಿಗೆ 4ಕೆಯಿಂದಲೂ 8ಕೆಯಿಂದಲೂ ಹೆಚ್ಚಿನದೇನೂ ಸಿಗುವುದಿಲ್ಲ, ಅದಕ್ಕಿಂತ ಕಡಿಮೆಯ ಪರದೆಯೇ ಸಾಕು.

ಈ ಎರಡು ಲೆಕ್ಕಗಳನ್ನು ಎದುರು ಬದುರು ಇಟ್ಟು ಜಗಳ ಹಚ್ಚುವುದು ಸುಲಭ. ನನಗೆ ಮುಖ್ಯವೆನಿಸುವುದು ಎರಡೂ ಮರೆಯುವ ಸಂಗತಿ. ಸಂಜೆ ಏಳಕ್ಕೆ ಟಿವಿ ಮುಂದೆ ಕೂರುವ ಅಜ್ಜಿಗೆ ಆರೋಗ್ಯವಂತ ಯುವಕನ ಕಣ್ಣಿಲ್ಲ. ಕಣ್ಣಿನ ಪೊರೆ ಬೆಳೆಯುತ್ತಿರಬಹುದು, ಕನ್ನಡಕದ ನಂಬರು ಬದಲಾಗಿ ವರ್ಷವಾಗಿರಬಹುದು. 6/12 ದೃಷ್ಟಿಯವರಿಗೆ ಕಾಣುವ ವಿವರ 6/6ರವರ ಅರ್ಧ ಮಾತ್ರ. ಅಂಥವರಿಗೆ 4ಕೆ ಪರದೆಯ ಮುಕ್ಕಾಲು ಚುಕ್ಕಿಗಳು ಇದ್ದೂ ಇಲ್ಲದಂತೆ. ಟಿವಿ ಬದಲಿಸುವ ಮೊದಲು ಕನ್ನಡಕ ಬದಲಿಸಿದರೆ ಕೆಲವು ಮನೆಗಳಲ್ಲಿ ಕಡಿಮೆ ಖರ್ಚಿನಲ್ಲಿ ಹೆಚ್ಚು ಸ್ಪಷ್ಟತೆ ಸಿಕ್ಕೀತು. ಇದು ತಮಾಷೆಯ ಮಾತಲ್ಲ.

ಇನ್ನು ಎರಡನೆಯ ಪ್ರಶ್ನೆ: ಮನೆಗೆ ಬರುವ ಚಿತ್ರ ಎಂಥದು? ಈ ವಿಚಾರದಲ್ಲಿ ಕನ್ನಡದ ಸಾಮಾನ್ಯ ವೀಕ್ಷಕರ ಸ್ಥಿತಿ ಜಾಹೀರಾತಿನ ಲೋಕಕ್ಕಿಂತ ಬಹಳ ದೂರದಲ್ಲಿದೆ. ಕೇಬಲ್ಲಿನಲ್ಲಿ, ಡಿಡಿ ಫ್ರೀ ಡಿಶ್‌ನಲ್ಲಿ ಬರುವ ಬಹುಪಾಲು ವಾಹಿನಿಗಳು ಇನ್ನೂ ಅದೇ 576 ಗೆರೆಯ ಎಸ್‌ಡಿ. ಆ ಚಿತ್ರವನ್ನು 4ಕೆ ಪರದೆಗೆ ಹಾಕಿದಾಗ ಒಂದು ಚುಕ್ಕಿಯನ್ನು ಟಿವಿ ಇಪ್ಪತ್ತು ಚುಕ್ಕಿಗಳಿಗೆ ಹಂಚಬೇಕು. ಇರುವ ಒಂದನ್ನು ನೋಡಿ ಉಳಿದ ಹತ್ತೊಂಬತ್ತನ್ನು ಊಹಿಸಬೇಕು. ದುಬಾರಿ ಟಿವಿಯ ಪ್ರೊಸೆಸರ್ ಈ ಊಹೆಯನ್ನು ಮರ್ಯಾದೆಯಿಂದ ಮಾಡುತ್ತದೆ. ಅಗ್ಗದ ಟಿವಿ ಮಾಡಿದ್ದು ನೋಡಿದರೆ ಧಾರಾವಾಹಿಯ ನಾಯಕಿಯ ಮುಖಕ್ಕೆ ಮೇಣ ಮೆತ್ತಿದಂತಿರುತ್ತದೆ. ಸುದ್ದಿವಾಹಿನಿಯ ಕೆಳಗೆ ಓಡುವ ಅಕ್ಷರಗಳ ಅಂಚಿನಲ್ಲಿ ಕಸ ತೇಲುತ್ತಿರುತ್ತದೆ. ಹಳೆಯ 29 ಇಂಚಿನ ಡಬ್ಬಾ ಟಿವಿಯಲ್ಲೇ ಚಂದನ ವಾಹಿನಿ ಚೆನ್ನಾಗಿ ಕಾಣುತ್ತಿತ್ತು ಎಂದು ಹಿರಿಯರು ಗೊಣಗಿದರೆ ಅದನ್ನು ಹಳೆಯ ಕಾಲದ ಮೋಹ ಎಂದು ತಳ್ಳಿಹಾಕಬೇಡಿ. ಸಣ್ಣ ಪರದೆಯಲ್ಲಿ ಕುಂದು ಅಡಗುತ್ತದೆ, ದೊಡ್ಡದರಲ್ಲಿ ಎದ್ದು ಕಾಣುತ್ತದೆ.

ಜೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ, ಉದಯ ಎಲ್ಲಕ್ಕೂ ಎಚ್‌ಡಿ ರೂಪವಿದೆ. ಎಸ್‌ಡಿಯಿಂದ ಎಚ್‌ಡಿಗೆ ಹೋದಾಗ ಕಾಣುವ ವ್ಯತ್ಯಾಸ ಎಚ್‌ಡಿಯಿಂದ 4ಕೆಗೆ ಹೋದಾಗ ಕಾಣುವುದಕ್ಕಿಂತ ಹೆಚ್ಚು. ಅದಕ್ಕೆ ಕನ್ನಡಕವೂ ಬೇಡ, ಅಳತೆ ಟೇಪೂ ಬೇಡ. ಹೀಗಿದ್ದೂ 50 ಸಾವಿರದ ಟಿವಿ ಗೋಡೆಗೆ ಏರಿಸಿ, ತಿಂಗಳಿಗೆ ಹತ್ತಾರು ರೂಪಾಯಿ ಉಳಿಸಲು ಎಸ್‌ಡಿ ಪ್ಯಾಕೇಜನ್ನೇ ಇಟ್ಟುಕೊಂಡ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸೆಟ್‌ಟಾಪ್ ಬಾಕ್ಸೇ ಎಸ್‌ಡಿಯದಾಗಿದ್ದರೆ ವಾಹಿನಿ ಎಚ್‌ಡಿ ಆದರೂ ಪ್ರಯೋಜನವಿಲ್ಲ.

ಉಪಗ್ರಹದ ಮೂಲಕ 4ಕೆ ತಲುಪಿಸುವ ಪ್ರಯತ್ನ ನಮ್ಮಲ್ಲಿ ನಡೆಯದೇ ಇಲ್ಲ. 2015ರ ಕ್ರಿಕೆಟ್ ವಿಶ್ವಕಪ್ ಹೊತ್ತಿಗೆ ಟಾಟಾ ಸ್ಕೈ ಮತ್ತು ವಿಡಿಯೋಕಾನ್ ಡಿ2ಎಚ್ 4ಕೆ ಪೆಟ್ಟಿಗೆಗಳನ್ನು ತಂದವು, ಕೆಲವು ಪಂದ್ಯಗಳು ಆ ಗುಣಮಟ್ಟದಲ್ಲಿ ಪ್ರಸಾರವಾದವು. ದಿನನಿತ್ಯದ ವಾಹಿನಿಗಳಿಗೆ ಆ ಉತ್ಸಾಹ ಹಬ್ಬಲಿಲ್ಲ. ಈಗ 4ಕೆ ಮನೆಗೆ ಬರುವ ದಾರಿ ಇಂಟರ್ನೆಟ್. 2023ರ ಐಪಿಎಲ್ ಅನ್ನು ಜಿಯೋಸಿನಿಮಾ 4ಕೆಯಲ್ಲಿ ಕೊಟ್ಟಿತು. ನೆಟ್‌ಫ್ಲಿಕ್ಸ್‌ನಲ್ಲಿ 4ಕೆ ಬೇಕಾದರೆ ತಿಂಗಳಿಗೆ 649 ರೂಪಾಯಿಯ ಪ್ರೀಮಿಯಂ ಯೋಜನೆಯೇ ಆಗಬೇಕು. 499ರ ಯೋಜನೆಯಲ್ಲಿ ಸಿಗುವುದು ಫುಲ್ ಎಚ್‌ಡಿ. ವ್ಯತ್ಯಾಸ 150 ರೂಪಾಯಿ, ಐದು ವರ್ಷಕ್ಕೆ 9 ಸಾವಿರ. ಟಿವಿಯ ಬೆಲೆಗೆ ಈ ಬಾಬತ್ತನ್ನು ಸೇರಿಸಿ ಲೆಕ್ಕ ಹಾಕುವವರು ಕಡಿಮೆ.

ಇಂಟರ್ನೆಟ್ ದಾರಿಗೆ ಅದರದೇ ಆದ ಇಕ್ಕಟ್ಟಿದೆ. 4ಕೆಗೆ ಸೆಕೆಂಡಿಗೆ 15 ಮೆಗಾಬಿಟ್ ವೇಗ ಬೇಕೆಂದು ನೆಟ್‌ಫ್ಲಿಕ್ಸ್ ಹೇಳುತ್ತದೆ, ಗಂಟೆಗೆ 7 ಜಿಬಿಯವರೆಗೆ ಡೇಟಾ ಖರ್ಚಾಗಬಹುದು. ಫೈಬರ್ ಸಂಪರ್ಕವಿರುವ ಮನೆಗೆ ಇದು ದೊಡ್ಡ ಮಾತಲ್ಲ. ಆದರೆ ಮಲೆನಾಡಿನ ಒಂಟಿ ಮನೆಯಲ್ಲಿ ಮೊಬೈಲಿನ ಹಾಟ್‌ಸ್ಪಾಟ್ ಹಚ್ಚಿ ಟಿವಿ ನೋಡುವವರಿಗೆ ದಿನದ 2 ಜಿಬಿ ಹದಿನೇಳು ನಿಮಿಷಕ್ಕೆ ಮುಗಿಯುತ್ತದೆ. ವೇಗ ತಗ್ಗಿದೊಡನೆ ಆ್ಯಪ್ ಸದ್ದಿಲ್ಲದೆ ಗುಣಮಟ್ಟ ಇಳಿಸುತ್ತದೆ. ಟಿವಿಯ ಮೇಲೆ 4ಕೆ ಎಂಬ ಸ್ಟಿಕರ್ ಹೊಳೆಯುತ್ತಿರುತ್ತದೆ, ಒಳಗೆ ಓಡುತ್ತಿರುವುದು 720 ಗೆರೆಯ ಚಿತ್ರ. ಕೊಡ ದೊಡ್ಡದಾದ ಮಾತ್ರಕ್ಕೆ ನಲ್ಲಿಯಲ್ಲಿ ನೀರು ಹೆಚ್ಚು ಬರುವುದಿಲ್ಲ.

ಚುಕ್ಕಿಗಳ ಸಂಖ್ಯೆಗಿಂತ, ಪ್ರತಿ ಸೆಕೆಂಡಿಗೆ ಎಷ್ಟು ಮಾಹಿತಿ ಹರಿಯುತ್ತದೆ ಎಂಬುದೇ ಎಷ್ಟೋ ಸಲ ನಿರ್ಣಾಯಕ. ಸಾದಾ ಬ್ಲೂ–ರೇ ಡಿಸ್ಕಿನ ಫುಲ್ ಎಚ್‌ಡಿ ಚಿತ್ರಕ್ಕೆ ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ ಜಾಗವಿದೆ. 2016ರಲ್ಲಿ ಬಂದ 4ಕೆ ಬ್ಲೂ–ರೇಯಲ್ಲಿ 100ಕ್ಕೂ ಹೆಚ್ಚು. ಇದರ ಮುಂದೆ 15 ಮೆಗಾಬಿಟ್‌ನ 4ಕೆ ಸ್ಟ್ರೀಮ್ ಬಡಕಲು. ಮಳೆ, ಹೊಗೆ, ಜಾತ್ರೆಯ ಜನಸಂದಣಿ, ಯಕ್ಷಗಾನದ ವೇಷದ ಮಿಣುಕು ಇಂಥವು ಬಂದಾಗ ಬಡತನ ಬಯಲಾಗುತ್ತದೆ. ಯಕ್ಷಗಾನದ ಮಾತು ಬಂದಿದ್ದರಿಂದ ಒಂದು ಉಪಯುಕ್ತ ಸಂಗತಿ. ಯೂಟ್ಯೂಬ್ 4ಕೆ ವಿಡಿಯೊಗಳಿಗೆ ಹೆಚ್ಚು ಬಿಟ್ ಕೊಡುವುದರಿಂದ, ಬಯಲಾಟವನ್ನು 4ಕೆಯಲ್ಲಿ ಚಿತ್ರೀಕರಿಸಿ ಏರಿಸಿದ್ದರೆ ಫುಲ್ ಎಚ್‌ಡಿ ಪರದೆಯ ಮೇಲೂ ಅದನ್ನು 4ಕೆ ಆಯ್ಕೆಯಲ್ಲಿ ನೋಡಿದಾಗ ಚಿತ್ರ ಹೆಚ್ಚು ಸ್ವಚ್ಛವಾಗಿರುತ್ತದೆ. ಇನ್ನು ಎಂಬತ್ತರ ದಶಕದ ವಿಎಚ್‌ಎಸ್ ಟೇಪಿನಿಂದ ಇಳಿಸಿದ ತಾಳಮದ್ದಳೆಗೆ ಯಾವ ಟಿವಿಯೂ ಏನೂ ಮಾಡಲಾರದು. ಅದನ್ನು ಕಿವಿಯಿಂದಲೇ ನೋಡಬೇಕು.

ಸಿನಿಮಾದ ಕಥೆ ಇನ್ನೂ ಸ್ವಾರಸ್ಯ. ಚಿತ್ರಮಂದಿರದ ಅಷ್ಟು ದೊಡ್ಡ ಪರದೆಯ ಮೇಲೆ ನಾವು ನೋಡುವ ಡಿಜಿಟಲ್ ಚಿತ್ರ ಬಹಳಷ್ಟು ಕಡೆ 2ಕೆ, ಎಂದರೆ 2048 ಅಗಲ, 1080 ಎತ್ತರ. ಮನೆಯ ಫುಲ್ ಎಚ್‌ಡಿಗಿಂತ ಕೂದಲೆಳೆಯಷ್ಟು ಹೆಚ್ಚು. ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ನಂಥ ಕಣ್ಣು ಕೋರೈಸುವ ಚಿತ್ರವೂ ಅಂತಿಮವಾಗಿ ಸಿದ್ಧವಾದದ್ದು 2ಕೆಯಲ್ಲಿ. ಅದರ 4ಕೆ ಡಿಸ್ಕಿನಲ್ಲಿರುವುದು ಹಿಗ್ಗಿಸಿದ ಚಿತ್ರ. ಹಾಗಿದ್ದರೂ ಅದು ಸಾದಾ ಡಿಸ್ಕಿಗಿಂತ ಚೆನ್ನಾಗಿ ಕಾಣುತ್ತದೆ. ಯಾಕೆಂದರೆ ಬಣ್ಣ ಮತ್ತು ಬೆಳಕು ಬೇರೆ. ಈ ಮಾತಿಗೆ ಮತ್ತೆ ಬರುತ್ತೇನೆ.

ವಿಚಿತ್ರವೆಂದರೆ, 4ಕೆಗೆ ಸಲ್ಲುವ ನಿಜವಾದ ವಿವರ ಸಿಗುವುದು ಕೆಲವು ಹಳೆಯ ಚಿತ್ರಗಳಲ್ಲಿ. 35 ಎಂಎಂ ನೆಗೆಟಿವ್‌ನಲ್ಲಿ ಫುಲ್ ಎಚ್‌ಡಿಗಿಂತ ಹೆಚ್ಚಿನ ವಿವರ ಅಡಗಿರುತ್ತದೆ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಷನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ 4ಕೆಯಲ್ಲಿ ಪುನರುಜ್ಜೀವಗೊಳಿಸಿ, 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ಕಪ್ಪು–ಬಿಳುಪಿನ ಚಿತ್ರ. ಕೇಂಬ್ರಿಜ್ ಅಧ್ಯಯನದ ಪ್ರಕಾರ ಕಣ್ಣು ಅತ್ಯಂತ ಚುರುಕಾಗಿರುವುದೂ ಕಪ್ಪು–ಬಿಳುಪಿನ ವಿವರಕ್ಕೇ. ದೊಡ್ಡ 4ಕೆ ಪರದೆ ಇಟ್ಟುಕೊಂಡ ಕನ್ನಡಿಗರಿಗೆ ನಿಜವಾಗಿ ಬೇಕಾದದ್ದು ಇಂಥ ಪುನರುಜ್ಜೀವಗೊಂಡ ಹತ್ತಾರು ಚಿತ್ರಗಳು ಮನೆಯಲ್ಲಿ ಸುಲಭವಾಗಿ ನೋಡಸಿಗುವುದು. ಪರದೆಗಳು ತಯಾರಾದಷ್ಟು ವೇಗದಲ್ಲಿ ಆ ಕೆಲಸ ಆಗುತ್ತಿಲ್ಲ.

ಕ್ರಿಕೆಟ್ ನೋಡುವವರಿಗೆ ಇನ್ನೊಂದು ಲೆಕ್ಕ. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು, ಸೆಕೆಂಡಿಗೆ 50 ಚಿತ್ರಗಳ ಪ್ರಸಾರದಲ್ಲಿ, ಒಂದು ಚಿತ್ರದಿಂದ ಮುಂದಿನದಕ್ಕೆ ಮುಕ್ಕಾಲು ಮೀಟರ್‌ಗಿಂತ ಹೆಚ್ಚು ಚಲಿಸಿರುತ್ತದೆ. ನಡುವಿನ ದಾರಿಯನ್ನು ಎಷ್ಟು ಚುಕ್ಕಿ ಇಟ್ಟರೂ ತೋರಿಸಲಾಗದು. ಅದಕ್ಕೆ ಬೇಕಾದದ್ದು ಸೆಕೆಂಡಿಗೆ ಹೆಚ್ಚು ಚಿತ್ರ. 2012ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 4ಕೆ, 8ಕೆಗಳಿಗೆ ಮಾನದಂಡ ರೂಪಿಸಿದಾಗ ಸೆಕೆಂಡಿಗೆ 120 ಚಿತ್ರಗಳಿಗೂ ಜಾಗ ಇಟ್ಟಿತ್ತು. ಪ್ರಸಾರಕರು ಚುಕ್ಕಿಗಳನ್ನು ಎತ್ತಿಕೊಂಡರು, ವೇಗವನ್ನು ಅಲ್ಲೇ ಬಿಟ್ಟರು. ಸ್ಟಿಕರ್ ಮೇಲೆ ಅಚ್ಚು ಹಾಕಲು ‘4ಕೆ’ ಸುಲಭ.

ಈಗ ಬೆಳಕಿನ ಮಾತು. ಕಳೆದ ಹತ್ತು ವರ್ಷಗಳಲ್ಲಿ ಮನೆಯ ಟಿವಿಯಲ್ಲಿ ಆದ ನಿಜವಾದ ಸುಧಾರಣೆ ಎಚ್‌ಡಿಆರ್ ಎಂಬುದು ನನ್ನ ಖಚಿತ ಅಭಿಪ್ರಾಯ. ಕತ್ತಲನ್ನು ಕತ್ತಲಾಗಿ, ದೀಪದ ಬೆಳಕನ್ನು ಬೆಳಕಾಗಿ ಒಂದೇ ಚೌಕಟ್ಟಿನಲ್ಲಿ ತೋರಿಸುವ ಶಕ್ತಿ ಅದು. ಹಳೆಯ ಪದ್ಧತಿಯಲ್ಲಿ ಪ್ರತಿ ಮೂಲವರ್ಣಕ್ಕೆ 256 ಹಂತ, ಒಟ್ಟು 1.67 ಕೋಟಿ ಬಣ್ಣ. ಎಚ್‌ಡಿಆರ್ ಬಳಸುವ 10 ಬಿಟ್ ಪದ್ಧತಿಯಲ್ಲಿ 1,024 ಹಂತ, 107 ಕೋಟಿ ಬಣ್ಣ. ಸೂರ್ಯಾಸ್ತದ ಆಕಾಶದಲ್ಲಿ ಪಟ್ಟೆ ಪಟ್ಟೆಯಾಗಿ ಕಾಣುತ್ತಿದ್ದುದು ನಯವಾಗುವುದು ಇದರಿಂದ. ಇದಕ್ಕೆ ಹತ್ತಿರ ಕೂರಬೇಕಿಲ್ಲ, ಚುರುಕು ಕಣ್ಣು ಬೇಕಿಲ್ಲ. ಹದಿನೈದು ಅಡಿಯಿಂದ, ಕನ್ನಡಕ ಮರೆತ ತಾತನಿಗೂ ಕಾಣುತ್ತದೆ.

ಮೋಸ ನಡೆಯುವುದೂ ಇಲ್ಲಿಯೇ. ಎಚ್‌ಡಿಆರ್ ಚಿತ್ರಗಳನ್ನು ಸಾಮಾನ್ಯವಾಗಿ 1,000 ನಿಟ್ ಇಲ್ಲವೇ 4,000 ನಿಟ್ ಹೊಳಪಿನ ಲೆಕ್ಕದಲ್ಲಿ ತಯಾರಿಸುತ್ತಾರೆ. 2016ರಲ್ಲಿ ಯುಎಚ್‌ಡಿ ಅಲಯನ್ಸ್ ಎಂಬ ಉದ್ಯಮ ಒಕ್ಕೂಟ ತನ್ನ ಉತ್ತಮ ದರ್ಜೆಯ ಮುದ್ರೆಗೆ ಎಲ್‌ಸಿಡಿ ಟಿವಿಗಳಲ್ಲಿ 1,000 ನಿಟ್, ಕಪ್ಪು ಇನ್ನಷ್ಟು ಆಳವಾಗಿರುವ ಓಎಲ್‌ಇಡಿಗಳಲ್ಲಿ 540 ನಿಟ್ ಬೇಕೆಂದಿತ್ತು. ನಮ್ಮಲ್ಲಿ 20–30 ಸಾವಿರಕ್ಕೆ ಸಿಗುವ 43 ಇಂಚಿನ 4ಕೆ ಟಿವಿಗಳ ಹೊಳಪು ಸಾಮಾನ್ಯವಾಗಿ 250ರಿಂದ 350 ನಿಟ್. ಅವುಗಳ ಪೆಟ್ಟಿಗೆಯ ಮೇಲೂ ಎಚ್‌ಡಿಆರ್ ಎಂದು ಬರೆದಿರುತ್ತದೆ. ಸುಳ್ಳಲ್ಲ, ಆ ಟಿವಿ ಎಚ್‌ಡಿಆರ್ ಸಂಕೇತವನ್ನು ಓದಬಲ್ಲದು. ತೋರಿಸಲಾರದು ಅಷ್ಟೆ. ಎಷ್ಟೋ ಸಲ ಇಂಥ ಸೆಟ್‌ಗಳಲ್ಲಿ ಎಚ್‌ಡಿಆರ್ ಚಿತ್ರ ಸಾದಾ ಚಿತ್ರಕ್ಕಿಂತ ಮಂಕಾಗಿರುತ್ತದೆ. ರಾತ್ರಿಯ ಕಾಡಿನ ದೃಶ್ಯ ಬಂದರೆ ಯಾರು ಯಾರನ್ನು ಹೊಡೆಯುತ್ತಿದ್ದಾರೆಂದೇ ತಿಳಿಯುವುದಿಲ್ಲ. ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಬೀಳುವ ಹಾಲಿನಲ್ಲಂತೂ ಕೇಳುವುದೇ ಬೇಡ. ಒಳ್ಳೆಯ ಎಚ್‌ಡಿಆರ್‌ಗೆ ಹಿಂಬದಿಯ ಬೆಳಕನ್ನು ಭಾಗ ಭಾಗವಾಗಿ ಆರಿಸಿ ಬೆಳಗಿಸುವ ಮಿನಿ ಎಲ್‌ಇಡಿ, ಇಲ್ಲವೇ ಚುಕ್ಕಿ ಚುಕ್ಕಿಯೂ ತಾನೇ ಬೆಳಗುವ ಓಎಲ್‌ಇಡಿ ಬೇಕು. ಇವು ಬರುವುದು 4ಕೆ ಸೆಟ್‌ಗಳಲ್ಲೇ. ಹಾಗಾಗಿ 4ಕೆಯ ಪರವಾಗಿ ನಾನು ವಾದಿಸುವುದು ಅದರ ಚುಕ್ಕಿಗಳಿಗಾಗಿ ಅಲ್ಲ, ಒಳ್ಳೆಯ ಪರದೆಗಳನ್ನೆಲ್ಲ ತಯಾರಕರು ಆ ಚುಕ್ಕಿಗಳ ಜೊತೆಗೇ ಕಟ್ಟಿ ಮಾರುತ್ತಿದ್ದಾರೆ ಎಂಬುದಕ್ಕಾಗಿ.

8ಕೆ ವಿಷಯಕ್ಕೆ ಬರೋಣ. ಅದರ ತವರು ಜಪಾನ್. ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ಹಲವು ವರ್ಷಗಳ ಸಂಶೋಧನೆಯ ನಂತರ 2005ರ ಐಚಿ ಜಾಗತಿಕ ಪ್ರದರ್ಶನದಲ್ಲಿ ಅದನ್ನು ಜನರಿಗೆ ತೋರಿಸಿತು. 2012ರ ಲಂಡನ್ ಒಲಿಂಪಿಕ್ಸನ್ನು ದೊಡ್ಡ ಪರದೆಗಳಲ್ಲಿ ಪ್ರದರ್ಶಿಸಿತು. 2018ರ ಡಿಸೆಂಬರ್ 1ರಂದು ಜಗತ್ತಿನ ಮೊದಲ 8ಕೆ ಉಪಗ್ರಹ ವಾಹಿನಿ ಶುರುವಾಯಿತು. ಮೊದಲ ದಿನ ತೋರಿಸಿದ್ದು 1968ರ ‘2001: ಎ ಸ್ಪೇಸ್ ಒಡಿಸ್ಸಿ’, 70 ಎಂಎಂ ಫಿಲ್ಮಿನಲ್ಲಿದ್ದುದರಿಂದ ಮಾತ್ರ 8ಕೆಗೆ ಸಾಲುವಷ್ಟು ವಿವರವಿದ್ದ ಚಿತ್ರ. ಶಾರ್ಪ್ ಕಂಪನಿ 2015ರಲ್ಲಿ ಮಾರಿದ 85 ಇಂಚಿನ ಮೊದಲ 8ಕೆ ಸೆಟ್ಟಿನ ಬೆಲೆ ಸುಮಾರು 1.6 ಕೋಟಿ ಯೆನ್. 2018ರಿಂದ ಸ್ಯಾಮ್ಸಂಗ್, ಆಮೇಲೆ ಎಲ್‌ಜಿ, ಸೋನಿ, ಟಿಸಿಎಲ್ ಎಲ್ಲರೂ ಆ ಓಟಕ್ಕೆ ಇಳಿದರು.

2020ರಲ್ಲಿ ವಾರ್ನರ್ ಬ್ರದರ್ಸ್, ಪಿಕ್ಸಾರ್, ಅಮೆಜಾನ್, ಎಲ್‌ಜಿ ಸೇರಿ ನಡೆಸಿದ ಪರೀಕ್ಷೆಯೊಂದರ ಫಲಿತಾಂಶ ಹೊರಬಂತು. ಈ ಇಡೀ ಚರ್ಚೆಯಲ್ಲಿ ನನಗೆ ಅತ್ಯಂತ ಬೆಲೆಬಾಳುವ ಪುರಾವೆ ಅದು. 88 ಇಂಚಿನ ಎಲ್‌ಜಿ 8ಕೆ ಓಎಲ್‌ಇಡಿ, 139 ಮಂದಿ ವೀಕ್ಷಕರು. ‘ಡಂಕರ್ಕ್’, ‘ಬ್ರೇವ್’ ಮೊದಲಾದವುಗಳ ತುಣುಕುಗಳನ್ನು ಒಮ್ಮೆ ಪೂರ್ತಿ 8ಕೆಯಲ್ಲಿ, ಒಮ್ಮೆ 4ಕೆಗೆ ಇಳಿಸಿ ಮತ್ತೆ ಹಿಗ್ಗಿಸಿ ತೋರಿಸಿದರು. ಯಾವುದು ಯಾವುದೆಂದು ನೋಡುವವರಿಗೂ ಗೊತ್ತಿಲ್ಲ, ತೋರಿಸುವವರಿಗೂ ಗೊತ್ತಿಲ್ಲ. ಮುಂದಿನ ಸಾಲು 5 ಅಡಿ ದೂರ, ಹಿಂದಿನದು 9 ಅಡಿ. ಹೆಚ್ಚಿನವರಿಗೆ ವ್ಯತ್ಯಾಸ ಕಾಣಲಿಲ್ಲ. ಮುಂದಿನ ಸಾಲಿನಲ್ಲಿದ್ದ, ಅಸಾಮಾನ್ಯ ಚುರುಕು ಕಣ್ಣಿನ ಕೆಲವರು ಮಾತ್ರ 8ಕೆ ತುಸು ಮೇಲೆಂದರು. ಗಮನಿಸಬೇಕಾದ ಸಂಗತಿ ಒಂದಿದೆ. ಆ ಪರದೆಯಲ್ಲಿ 4ಕೆ ಚಿತ್ರಕ್ಕೆ 9 ಅಡಿ ದೂರವೆಂದರೆ ಡಿಗ್ರಿಗೆ ಸುಮಾರು 94 ಚುಕ್ಕಿ, ಕೇಂಬ್ರಿಜ್‌ನವರು ಐದು ವರ್ಷದ ನಂತರ ಹೇಳಿದ ಅದೇ ಗಡಿ. ಅಲ್ಲಿ ವ್ಯತ್ಯಾಸ ಕಾಣದಿದ್ದುದು ಸಹಜ. ಆದರೆ 5 ಅಡಿಯಲ್ಲಿ ಅದು 52ಕ್ಕೆ ಇಳಿಯುತ್ತದೆ. ಯಾವ ಲೆಕ್ಕದಲ್ಲೂ ಅಲ್ಲಿ ವ್ಯತ್ಯಾಸ ಕಾಣಬೇಕಿತ್ತು. ಬಹಳ ಮಂದಿಗೆ ಅಲ್ಲೂ ಕಾಣಲಿಲ್ಲ. ಪ್ರಯೋಗಶಾಲೆಯ ಕಪ್ಪು–ಬಿಳಿ ಗೆರೆಗಳೇ ಬೇರೆ, ಲೆನ್ಸಿನ ಫೋಕಸ್, ಕ್ಯಾಮೆರಾದ ಅಲುಗಾಟ, ಪಾತ್ರದ ಓಡಾಟ ಎಲ್ಲ ಸೇರಿ ಮೃದುವಾಗುವ ಸಿನಿಮಾದ ಚಿತ್ರವೇ ಬೇರೆ.

ಮಾರುಕಟ್ಟೆಯೂ ಇದನ್ನೇ ಹೇಳಿತು. ಟಿಸಿಎಲ್ 2023ರಲ್ಲಿ ಹೊಸ 8ಕೆ ಮಾದರಿಗಳಿಗೆ ವಿರಾಮ ಹೇಳಿತು, 2025ರಲ್ಲಿ ಸೋನಿ ತನ್ನ ಕೊನೆಯ 8ಕೆ ಸೆಟ್‌ಗಳನ್ನು ನಿಲ್ಲಿಸಿತು. ಪ್ಲೇಸ್ಟೇಷನ್ 5ರ ಪೆಟ್ಟಿಗೆಯ ಮೇಲೆ 2020ರಿಂದ ಇದ್ದ 8ಕೆ ಎಂಬ ಗುರುತು 2024ರಲ್ಲಿ ಕಾಣದಾಯಿತು. ಚುಕ್ಕಿಗಳು ಕಿರಿದಾದಷ್ಟೂ ಹಿಂಬದಿ ಬೆಳಕು ಅವುಗಳ ಮೂಲಕ ತೂರಿಬರುವುದು ಕಷ್ಟವಾಗಿ ವಿದ್ಯುತ್ ಹೆಚ್ಚು ಬೇಕಾಗುತ್ತದೆ. 2023ರ ಮಾರ್ಚ್‌ನಲ್ಲಿ ಯುರೋಪಿಯನ್ ಒಕ್ಕೂಟ 8ಕೆ ಟಿವಿಗಳಿಗೂ ವಿದ್ಯುತ್ ಬಳಕೆಯ ಮಿತಿ ಹೇರಿದಾಗ, ಹೊಳಪು ತಗ್ಗಿಸಿದ ಸ್ಥಿತಿಯಲ್ಲಿ ಸೆಟ್‌ಗಳನ್ನು ಸಾಗಿಸಿ ನಿಯಮ ದಾಟಿಕೊಳ್ಳಬೇಕಾಯಿತು. 2010ರಲ್ಲಿ ‘ಅವತಾರ್’ ಗುಂಗಿನಲ್ಲಿ ಬಂದ 3ಡಿ ಟಿವಿ 2017ರ ಹೊತ್ತಿಗೆ ಅಂಗಡಿಗಳಿಂದ ಕಾಣೆಯಾದದ್ದನ್ನು ಕಂಡವರಿಗೆ ಇದು ಹೊಸ ಕಥೆಯಲ್ಲ. ಭಾರತದಲ್ಲಿ ಒಂದೇ ಒಂದು 8ಕೆ ವಾಹಿನಿ ಇಲ್ಲ.

ಹೆಚ್ಚು ಚುಕ್ಕಿ ನಿಜಕ್ಕೂ ಬೇಕಾಗುವವರೂ ಇದ್ದಾರೆ, ಅವರನ್ನು ಮರೆಯಬಾರದು. ಟಿವಿಯನ್ನು ಕಂಪ್ಯೂಟರ್ ಪರದೆಯಾಗಿ ಬಳಸುವವರು, ಮೂರು–ನಾಲ್ಕು ಅಡಿಯಲ್ಲಿ ಕೂತು ಆಟವಾಡುವ ಹುಡುಗರು, ಫೋಟೊ ತಿದ್ದುವವರು, ಪ್ರೊಜೆಕ್ಟರ್ ಹಚ್ಚಿ ಗೋಡೆ ತುಂಬ ಸಿನಿಮಾ ನೋಡುವವರು. ಇವರಿಗೆ 4ಕೆ ಭೋಗವಲ್ಲ, ಅಗತ್ಯ. ಕನ್ನಡ ಅಕ್ಷರಗಳ ಒತ್ತು, ಗುಣಿತಗಳು ಹತ್ತಿರದ ಪರದೆಯಲ್ಲಿ ಮುಳ್ಳುಮುಳ್ಳಾಗದೆ ಕಾಣುವುದು ಚುಕ್ಕಿ ದಟ್ಟವಾಗಿದ್ದಾಗ ಮಾತ್ರ.

ಕೊಳ್ಳುವ ಮಾತಿಗೆ ಬಂದರೆ ನನ್ನ ತೀರ್ಪು ಇಷ್ಟು. ಮಲಗುವ ಕೋಣೆಗೆ 32 ಇಂಚು ಸಾಕೆಂದಾದರೆ ಚುಕ್ಕಿಯ ಚಿಂತೆಯೇ ಬೇಡ. 43 ಇಂಚಿನಲ್ಲಿ, ಎಂಟೊಂಬತ್ತು ಅಡಿಯಿಂದ ನೋಡುವವರಿಗೆ ಫುಲ್ ಎಚ್‌ಡಿ ಮತ್ತು 4ಕೆ ನಡುವೆ ಜಗಳವಿಲ್ಲ, ಯಾವುದರ ಪರದೆ ಹೊಳಪಾಗಿದೆಯೋ ಅದನ್ನು ತನ್ನಿ. 55 ಮತ್ತು ಮೇಲ್ಪಟ್ಟಾದರೆ 4ಕೆ ಹೇಗೂ ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಉಳಿದ ಹಣದಲ್ಲಿ ಇನ್ನೂ ದೊಡ್ಡ ಪರದೆಗೆ ಹಾರುವ ಬದಲು ಅದೇ ಅಳತೆಯಲ್ಲಿ ಮೇಲಿನ ದರ್ಜೆಯ ಪರದೆಗೆ ಹೋಗಿ, ಇಲ್ಲವೇ ಒಂದು ಸೌಂಡ್‌ಬಾರ್ ಕೊಳ್ಳಿ. ತೆಳ್ಳನೆಯ ಟಿವಿಗಳ ಸ್ಪೀಕರ್‌ನಲ್ಲಿ ಸಂಭಾಷಣೆ ಅರ್ಧ ನುಂಗಿಹೋಗುತ್ತದೆ. ಚೆನ್ನಾಗಿ ಓಡುತ್ತಿರುವ ಫುಲ್ ಎಚ್‌ಡಿ ಸೆಟ್ಟನ್ನು ಬರೀ 4ಕೆಗಾಗಿ ಬಿಸಾಡಬೇಡಿ. 8ಕೆ ಬೇಡ, ರಿಯಾಯಿತಿಯಲ್ಲಿ ಸಿಕ್ಕರೂ ಬೇಡ.

ಅಂಗಡಿಗೆ ಹೋಗುವ ಮೊದಲು ಸೋಫಾದಿಂದ ಗೋಡೆಗೆ ಎಷ್ಟು ಅಡಿ ಎಂದು ಟೇಪ್ ಹಿಡಿದು ಅಳೆದುಕೊಳ್ಳಿ. ಅಂಗಡಿಯವರು ಹಾಕುವ ಗಿಳಿ, ಹೂವು, ಜಲಪಾತಗಳ ಡೆಮೊ ಯಾವ ಟಿವಿಯಲ್ಲೂ ಚೆಂದವೇ ಕಾಣುತ್ತದೆ. ನೀವು ದಿನವೂ ನೋಡುವಂಥ ಚಿತ್ರಗಳ ತುಣುಕುಗಳನ್ನು, ಅದರಲ್ಲೊಂದು ಕತ್ತಲ ದೃಶ್ಯವೂ ಇರಲಿ, ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಕಣ್ಣು ಕುಕ್ಕುವ ‘ವಿವಿಡ್’ ಸೆಟ್ಟಿಂಗ್ ತೆಗೆಸಿ, ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಮೋಡ್‌ಗೆ ಹಾಕಿಸಿ, ನಿಮ್ಮ ಮನೆಯಲ್ಲಿರುವಷ್ಟೇ ದೂರದಲ್ಲಿ ನಿಂತು ಹತ್ತು ನಿಮಿಷ ನೋಡಿ. ಎರಡು ಸೆಟ್‌ಗಳ ನಡುವೆ ವ್ಯತ್ಯಾಸ ಕಾಣದಿದ್ದರೆ ಕಡಿಮೆ ಬೆಲೆಯದನ್ನೇ ತನ್ನಿ.